ಬೇಲಿಯಿಲ್ಲದ ಹೊಲವೂ ಅದನ್ನು ಕಾಯುವ ನ್ಯಾಯಸ್ಥಾನವೂ

ಇಂಗ್ಲೆಂಡನ್ನು ಅದರ ಕವಿತೆಯ ಮೂಲಕವೇ ಮೊದಲು ಕಂಡ ನಮ್ಮವರಿಗೆ, ಎಂದರೆ ಶ್ರೀಯವರ ‘ಇಂಗ್ಲಿಷ್ ಗೀತಗಳು’ ಓದಿ ಬೆಳೆದವರಿಗೂ ಕಾಲೇಜಿನ ಪಠ್ಯಗಳಲ್ಲಿ ವರ್ಡ್ಸ್‌ವರ್ತನನ್ನು ಬಾಯಿಪಾಠ ಮಾಡಿದವರಿಗೂ, ಆ ದೇಶದ ಹಳ್ಳಿಯೆಂದೊಡನೆ ಮನಸ್ಸಿಗೆ ಬರುವ ಚಿತ್ರ ಹೆಚ್ಚುಕಡಮೆ ಒಂದೇ ಆಗಿರುತ್ತದೆ: ಮುಳ್ಳುಗಿಡದ ಹಸುರು ಬೇಲಿಗಳಿಂದ ಚೌಕಚೌಕವಾಗಿ ವಿಂಗಡಿಸಿದ ಹೊಲಗಳು, ಅವುಗಳ ನಡುವೆ ಒಂಟಿಯಾಗಿ ನಿಂತ ಒಕ್ಕಲಮನೆ, ದೂರದಲ್ಲಿ ಚರ್ಚಿನ ಗೋಪುರ. ಈ ಚಿತ್ರ ಸುಳ್ಳಲ್ಲ. ಆದರೆ ಇದು ಪ್ರಾಚೀನವಾದುದು, ಪ್ರಕೃತಿ ತಾನಾಗಿ ಬಿಡಿಸಿದುದು ಎಂಬ ಭಾವನೆ ಮಾತ್ರ ಬಹಳಮಟ್ಟಿಗೆ ತಪ್ಪು. ಡೆವನ್, ಕೆಂಟ್ ಮೊದಲಾದ ಸೀಮೆಗಳ ಬೇಲಿಗಳು ನಿಜವಾಗಿಯೂ ಹಳೆಯವೇ. ಮಧ್ಯ ಇಂಗ್ಲೆಂಡಿನ ವಿಶಾಲವಾದ ಬಯಲುಸೀಮೆಯ ಬೇಲಿಗಳಾದರೋ ಬಹುಪಾಲು ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳಲ್ಲಿ ಪಾರ್ಲಿಮೆಂಟಿನ ಕಾಯಿದೆಗಳ ಬಲದಿಂದ, ಭೂಮಾಪಕರು ಸರಪಳಿ ಹಿಡಿದು ಎಳೆದ ಗೆರೆಗಳ ಮೇಲೆ ನೆಟ್ಟವು.

ಅದಕ್ಕೆ ಮುಂಚೆ ಅಲ್ಲಿದ್ದುದು ತೆರೆದ ಬಯಲು. ಊರಿನ ಸುತ್ತಣ ಸಾಗುವಳಿ ಭೂಮಿಯೆಲ್ಲ ಎರಡೋ ಮೂರೋ ಮಹಾಕ್ಷೇತ್ರಗಳಾಗಿದ್ದು, ಪ್ರತಿಯೊಂದು ಕ್ಷೇತ್ರವೂ ನೂರಾರು ಉದ್ದನೆಯ ಪಟ್ಟಿಗಳಾಗಿ ಒಡೆದು, ಒಬ್ಬೊಬ್ಬ ಒಕ್ಕಲಿಗನ ಪಟ್ಟಿಗಳು ಫಲವತ್ತಾದ ಮಣ್ಣಿನಲ್ಲಿ ಕೆಲವು, ಜೌಗಿನಲ್ಲಿ ಕೆಲವು, ದಿಬ್ಬದ ಮೇಲೆ ಕೆಲವು ಎಂಬಂತೆ ಊರೆಲ್ಲ ಚೆದರಿಕೊಂಡಿರುತ್ತಿದ್ದವು. ಒಂದು ಕ್ಷೇತ್ರಕ್ಕೆ ಗೋಧಿ, ಇನ್ನೊಂದಕ್ಕೆ ವಸಂತಕಾಲದ ಬಿತ್ತನೆಯಾದ ಬಾರ್ಲಿಯೋ ಬಟಾಣಿಯೋ, ಮೂರನೆಯದು ಬೀಳು. ಮುಂದಿನ ವರ್ಷ ಈ ಸರದಿ ಒಂದು ಹೆಜ್ಜೆ ಮುಂದಕ್ಕೆ. ಕೊಯ್ಲು ಮುಗಿದ ಮೇಲೆ ಬೇಲಿಯೆಂಬುದೇ ಇಲ್ಲದ ಆ ಹೊಲದೊಳಕ್ಕೆ ಹಕ್ಕುಳ್ಳವರೆಲ್ಲರ ದನಕುರಿಗಳೂ ಇಳಿಯುತ್ತಿದ್ದುದರಿಂದ, ಯಾವನೊಬ್ಬನೂ ತನ್ನ ಪಟ್ಟಿಯಲ್ಲಿ ತನಗೆ ತೋಚಿದ ಪೈರನ್ನು ತೋಚಿದ ಕಾಲದಲ್ಲಿ ಬೆಳೆಯುವಂತಿರಲಿಲ್ಲ. ಉಳುವುದು, ಬಿತ್ತುವುದು, ಕೊಯ್ಯುವುದು ಎಲ್ಲವೂ ಊರು ಒಟ್ಟಾಗಿ ಗೊತ್ತುಮಾಡತಕ್ಕ ಸಂಗತಿಗಳಾಗಿದ್ದವು. 1604ರಿಂದ 1914ರವರೆಗೆ ಪಾರ್ಲಿಮೆಂಟು ಅಂಗೀಕರಿಸಿದ ಐದು ಸಾವಿರಕ್ಕೂ ಹೆಚ್ಚು ಕಾಯಿದೆಗಳು ಇಂಗ್ಲೆಂಡಿನ ನೆಲದ ಐದನೆಯ ಒಂದು ಭಾಗದಷ್ಟನ್ನು, ಸುಮಾರು 68 ಲಕ್ಷ ಎಕರೆಗಳನ್ನು, ಒಬ್ಬೊಬ್ಬ ಒಡೆಯನಿಗೆ ಒಟ್ಟಾದ ತುಂಡುಗಳಾಗಿ ಹಂಚಿ ಬೇಲಿಯೊಳಗೆ ಸೇರಿಸಿದವು.

ಈ ಹಂಚಿಕೆ ಅನ್ಯಾಯವೇ ಅಥವಾ ಪ್ರಗತಿಯೇ ಎಂಬ ವಾದ ಇನ್ನೂರು ವರ್ಷಗಳಿಂದ ನಡೆದೇ ಇದೆ. ಇಳುವರಿ ಹೆಚ್ಚಿತೆಂಬುದನ್ನೂ, ಒಟ್ಟುಗೂಡಿದ ಹೊಲದಲ್ಲಿ ಹೊಸ ಬೆಳೆಗಳನ್ನೂ ಹೊಸ ತಳಿಯ ಕುರಿಗಳನ್ನೂ ಪರೀಕ್ಷಿಸಲು ಅನುಕೂಲವಾಯಿತೆಂಬುದನ್ನೂ ಅಲ್ಲಗಳೆಯುವ ಅಗತ್ಯವಿಲ್ಲ. ಆದರೆ ಕಾಯಿದೆಗೆ ಬೇಕಾಗಿದ್ದ ಸಮ್ಮತಿಯನ್ನು ತಲೆಗಳ ಲೆಕ್ಕದಲ್ಲಿ ಅಲ್ಲದೆ ಜಮೀನಿನ ಲೆಕ್ಕದಲ್ಲಿ ಎಣಿಸಲಾಗುತ್ತಿತ್ತೆಂಬುದನ್ನು ಮರೆಯಬಾರದು: ಊರಿನ ಭೂಮಿಯ ಮುಕ್ಕಾಲು ಭಾಗಕ್ಕೋ ಐದರಲ್ಲಿ ನಾಲ್ಕು ಭಾಗಕ್ಕೋ ಒಡೆಯರಾದವರು ಒಪ್ಪಿದರೆ, ಉಳಿದ ಅಲ್ಪಸ್ವಲ್ಪದ ಒಡೆಯರು ಎಷ್ಟು ಜನರಿದ್ದರೂ ಅವರ ಮಾತು ನಡೆಯುತ್ತಿರಲಿಲ್ಲ. ತನ್ನ ಪಾಲಿಗೆ ಬಂದ ತುಂಡಿಗೆ ಇಂತಿಷ್ಟು ಕಾಲದೊಳಗೆ ಬೇಲಿ ಹಾಕಲೇಬೇಕೆಂಬ ವಿಧಿ ಬೇರೆ. ಅದರ ವೆಚ್ಚವನ್ನು ತಾಳಲಾರದ ಸಣ್ಣ ಹಿಡುವಳಿದಾರ ಆ ತುಂಡನ್ನು ದೊಡ್ಡವನಿಗೇ ಮಾರಿ ಕೂಲಿಗೆ ಹೋಗುತ್ತಿದ್ದನು. ಒಂದು ಹಸುವನ್ನು ಸಾರ್ವಜನಿಕ ಹುಲ್ಲಿನಲ್ಲಿ ಮೇಯಿಸಿಕೊಂಡು ಬದುಕುತ್ತಿದ್ದ ಗುಡಿಸಲಿನವನಿಗೆ, ಆ ಮೇವು ರೂಢಿಯಿಂದ ಬಂದುದೇ ಹೊರತು ಪತ್ರದಿಂದ ಬಂದುದಲ್ಲವಾದ್ದರಿಂದ, ಅನೇಕ ವೇಳೆ ಏನೂ ದೊರೆಯುತ್ತಿರಲಿಲ್ಲ. ಬೇಲಿ ಹಾಕುವುದರ ಪ್ರಬಲ ಪ್ರತಿಪಾದಕನೂ 1793ರಲ್ಲಿ ಸ್ಥಾಪಿತವಾದ ಕೃಷಿ ಮಂಡಲಿಯ ಕಾರ್ಯದರ್ಶಿಯೂ ಆಗಿದ್ದ ಆರ್ಥರ್ ಯಂಗನೇ, ಊರೂರು ತಿರುಗಿ ನೋಡಿದ ಮೇಲೆ, 1801ರ ಹೊತ್ತಿಗೆ ಬಡವರ ಪಾಲಿಗೆ ಇದರಿಂದಾದ ಹಾನಿಯನ್ನು ಮುಚ್ಚುಮರೆಯಿಲ್ಲದೆ ಬರೆದನು. ತಾನು ಮಾಡಿದ ಪ್ರಚಾರಕ್ಕೆ ವಿರುದ್ಧವಾಗಿ ಸಾಕ್ಷ್ಯ ನುಡಿಯುವ ಪ್ರಾಮಾಣಿಕತೆ ಅಧಿಕಾರಸ್ಥರಲ್ಲಿ ಎಲ್ಲಿಯೂ ಅಪರೂಪ. ಕವಿ ಜಾನ್ ಕ್ಲೇರನ ಹುಟ್ಟೂರಾದ ಹೆಲ್ಪ್‌ಸ್ಟನ್ನಿಗೆ 1809ರಲ್ಲಿ ಕಾಯಿದೆ ಬಂದಿತು. ತಾನು ಬಾಲ್ಯದಲ್ಲಿ ಅಲೆದಾಡಿದ ಬಯಲಿಗೆ ಬೇಲಿ ನೆಡುವ ಕೂಲಿಯ ಕೆಲಸವೇ ಆ ಬಡ ಯುವಕನಿಗೆ ಹೊಟ್ಟೆಪಾಡಾಗಿ ಒದಗಿದ್ದು ವಿಧಿವಿಲಾಸವೆನ್ನಬೇಕು.

ಇಷ್ಟೆಲ್ಲ ಪೀಠಿಕೆ ಹಾಕಿದ್ದು ನಾಟಿಂಗ್‌ಹ್ಯಾಮ್‌ಷೈರಿನ ಲ್ಯಾಕ್ಸ್‌ಟನ್ ಎಂಬ ಒಂದು ಸಣ್ಣ ಗ್ರಾಮಕ್ಕಾಗಿ. ದೇಶದ ಉಳಿದೆಡೆಗಳಲ್ಲಿ ಬಹುತೇಕ ಅಳಿಸಿಹೋದ ಈ ತೆರೆದ ಹೊಲದ ಪದ್ಧತಿ ಅಲ್ಲಿ ಇಂದಿಗೂ ನಡೆಯುತ್ತಿದೆ. ಪಶ್ಚಿಮದ ಬಯಲು, ಗಿರಣಿಯ ಬಯಲು, ದಕ್ಷಿಣದ ಬಯಲು ಎಂದು ಮೂರು ಕ್ಷೇತ್ರಗಳು; ಒಕ್ಕಲಮನೆಗಳು ಹೊಲದ ನಡುವೆ ಒಂಟಿಯಾಗಿಲ್ಲದೆ ಊರಬೀದಿಯ ಎರಡೂ ಮಗ್ಗುಲಲ್ಲಿ ಸಾಲಾಗಿ ನಿಂತಿವೆ. ಪಟ್ಟಿಗಳು ದಿಕ್ಕುದಿಕ್ಕಿಗೆ ಚೆದರಿರುವಾಗ ಯಾವ ಪಟ್ಟಿಯ ಪಕ್ಕದಲ್ಲಿ ಮನೆ ಕಟ್ಟಿದರೂ ಉಳಿದವು ದೂರವೇ ಆಗುತ್ತವೆ; ಆದುದರಿಂದ ಎಲ್ಲರೂ ಊರಲ್ಲಿಯೇ ಇದ್ದಾರೆ. ಲಂಡನ್ನಿನ ವರ್ತಕನಾದ ಸರ್ ವಿಲಿಯಂ ಕೋರ್ಟೀನ್ ಈ ಊರನ್ನು ಕೊಂಡು, 1635ರಲ್ಲಿ ಮಾರ್ಕ್ ಪಿಯರ್ಸ್ ಎಂಬ ಮಾಪಕನಿಂದ ಅದರ ನಕಾಶೆಯನ್ನು ಬರೆಯಿಸಿದನು. ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿರುವ ಆ ನಕಾಶೆಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಪಟ್ಟಿಗಳು ಗುರುತಾಗಿರುವುದಲ್ಲದೆ, ಅಲ್ಲಲ್ಲಿ ಉಳುವವರು, ಕೊಯ್ಯುವವರು, ಬೇಟೆಯಾಡುವವರು ಪುಟ್ಟ ಚಿತ್ರಗಳಾಗಿ ಓಡಾಡುತ್ತಿದ್ದಾರೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪಟ್ಟಿಗಳನ್ನು ಒಂದಕ್ಕೊಂದು ಕೂಡಿಸಿ ದೊಡ್ಡದು ಮಾಡಿದ್ದರಿಂದ ಸಂಖ್ಯೆ ಬಹಳ ಇಳಿದಿದೆ. ಬಯಲುಗಳ ವಿಸ್ತಾರವೂ ಕುಗ್ಗಿದೆ. ಆದರೂ ಕ್ರಮ ಅದೇ.

ಲ್ಯಾಕ್ಸ್‌ಟನ್ ಉಳಿದುದು ಹೇಗೆ? ಊರವರ ವೀರಾವೇಶದಿಂದಲ್ಲ, ಜಮೀನುದಾರರ ದಯೆಯಿಂದಲೂ ಅಲ್ಲ. ಅಲ್ಲಿ ಅರ್ಲ್ ಮ್ಯಾನ್ವರ್ಸನೂ ಸ್ಕಾರ್‌ಬರೋ ಅರ್ಲನೂ ಇಬ್ಬರು ದೊಡ್ಡ ಒಡೆಯರು; ಜಮೀನಿನ ಲೆಕ್ಕದಲ್ಲಿ ಒಪ್ಪಿಗೆ ಕೂಡಿಸಬೇಕಾದ ಕಾಲದಲ್ಲಿ ಇಬ್ಬರಿಗೂ ಹೊಂದಿಕೆ ಬರಲಿಲ್ಲ. ಕೆಲವು ಭಾಗಕ್ಕೆ ಬೇಲಿ ಬಿದ್ದಿತು, ಉಳಿದುದು ಹಾಗೆಯೇ ನಿಂತಿತು. ಇಬ್ಬರು ಶ್ರೀಮಂತರ ಮನಸ್ತಾಪದಿಂದ ಬಡವರಿಗೆ ಒಳಿತಾದ ದೃಷ್ಟಾಂತ ಚರಿತ್ರೆಯಲ್ಲಿ ಹೆಚ್ಚಾಗಿ ಸಿಕ್ಕುವುದಿಲ್ಲ.

ಆದರೆ ಆಕಸ್ಮಿಕದಿಂದ ಉಳಿದ ವಸ್ತು ಆಕಸ್ಮಿಕದಿಂದಲೇ ಬಾಳಲಾರದು. ಲ್ಯಾಕ್ಸ್‌ಟನ್ನನ್ನು ಬಾಳಿಸಿರುವುದು ಅದರ ‘ಕೋರ್ಟ್ ಲೀಟ್’ ಎಂಬ ಗ್ರಾಮ ನ್ಯಾಯಸ್ಥಾನ. ನನ್ನ ಈ ಲೇಖನದ ಪ್ರತಿಪಾದ್ಯವೂ ಅದೇ. ಪ್ರತಿವರ್ಷ ನವೆಂಬರ್ ಕೊನೆಯ ಸುಮಾರಿಗೆ, ಗೋಧಿ ಬಿತ್ತನೆಯಾಗಿ ಮೊಳಕೆ ಮೇಲೆದ್ದಿರುವ ಬಯಲಿಗೆ, ಒಕ್ಕಲಿಗರಿಂದಲೇ ಆಯ್ದ ಪಂಚರು ಟ್ರ್ಯಾಕ್ಟರಿನ ಗಾಡಿಯಲ್ಲಿ ಕುಳಿತು ಹೊರಡುತ್ತಾರೆ. ಪಟ್ಟಿಪಟ್ಟಿಯ ತುದಿಯಲ್ಲಿಯೂ ಇಳಿದು ಅಳೆದು, ಸೀಮೆ ಮಸುಕಾದಲ್ಲಿ ಮರದ ಗೂಟ ಬಡಿದು ಹದ್ದುಬಸ್ತು ಮಾಡುತ್ತಾರೆ; ಚರಂಡಿಯನ್ನು ತೋಡದೆ ಬಿಟ್ಟವರಾರು, ನೇಗಿಲನ್ನು ಊರದಾರಿಯ ಮೇಲಕ್ಕೆ ಒಂದೆರಡು ಸಾಲು ಹೆಚ್ಚಾಗಿ ಎಳೆದವರಾರು, ಬಯಲಿನ ತಗ್ಗಿನಲ್ಲಿ ಎಲ್ಲರಿಗೂ ಸೇರಿದ ‘ಸೈಕ್’ ಎಂಬ ಹುಲ್ಲುನೆಲವನ್ನು ಒತ್ತುವರಿ ಮಾಡಿದವರಾರು ಎಂಬುದನ್ನು ಗುರುತು ಹಾಕಿಕೊಳ್ಳುತ್ತಾರೆ. ಮಧ್ಯಾಹ್ನ ಡವ್‌ಕೋಟ್ ಇನ್ ಎಂಬ ಊರಿನ ಹೋಟೆಲಿನಲ್ಲಿ ಊಟ ಮಾಡಿ, ಯಾರಿಗೆ ಎಷ್ಟು ದಂಡವೆಂದು ಚರ್ಚಿಸಿ ನಿರ್ಧರಿಸುತ್ತಾರೆ. ಒಂದು ವಾರದ ಮೇಲೆ ಅದೇ ಹೋಟೆಲಿನಲ್ಲಿ ಒಡೆಯನ ಪ್ರತಿನಿಧಿಯಾದ ಸ್ಟೂವರ್ಡನ ಅಧ್ಯಕ್ಷತೆಯಲ್ಲಿ ನ್ಯಾಯಸ್ಥಾನ ಕೂಡಿ, ಪಂಚರ ವರದಿಯನ್ನು ಕೇಳಿ, ಮುಂದಿನ ವರ್ಷದ ಬಯಲಿಗೆ ಹೊಸ ಪಂಚರಿಂದ ಪ್ರಮಾಣ ಸ್ವೀಕರಿಸುತ್ತದೆ. ದಂಡ ಕೆಲವೇ ಪೌಂಡುಗಳಷ್ಟು. ಪಂಚನಾಗಿ ಗೂಟ ಬಡಿದವನೇ ತನ್ನ ಹೆಸರಿಗೂ ದಂಡ ಬರೆಯಿಸಿಕೊಳ್ಳುವುದುಂಟು.

ಇದನ್ನು ಪ್ರವಾಸಿಗಳ ವಿನೋದಕ್ಕೆಂದು ಕಾಪಿಟ್ಟ ವೇಷವೆಂದು ಭಾವಿಸುವವರಿದ್ದಾರೆ. ಕಾನೂನು ಹಾಗೆ ಭಾವಿಸಿಲ್ಲ. ಇಂಗ್ಲೆಂಡಿನಲ್ಲಿ ಅಳಿದುಳಿದಿದ್ದ ಇಂಥ ಪುರಾತನ ನ್ಯಾಯಸ್ಥಾನಗಳ ಅಧಿಕಾರವನ್ನೆಲ್ಲ 1977ರ ನ್ಯಾಯಾಡಳಿತ ಕಾಯಿದೆ ಕಿತ್ತುಕೊಂಡು, ಕೆಲವಕ್ಕೆ ಉತ್ಸವಾಚರಣೆಯ ಹಕ್ಕನ್ನಷ್ಟೇ ಬಿಟ್ಟಿತು. ಲ್ಯಾಕ್ಸ್‌ಟನ್ನಿನ ಅಧಿಕಾರವನ್ನು ಮಾತ್ರ ವಿಶೇಷವಾಗಿ ಉಳಿಸಿತು. ಕಾರಣ ಸ್ಪಷ್ಟ: ಬೇರೆಡೆಗಳಲ್ಲಿ ನ್ಯಾಯಸ್ಥಾನವಿತ್ತು, ಅದು ಆಳಬೇಕಾದ ಹೊಲವಿರಲಿಲ್ಲ.

ಸಾಮುದಾಯಿಕ ಸ್ವತ್ತು ಹಾಳಾಗದೆ ಇರದೆಂಬ ಮಾತನ್ನು ಈಚಿನವರು ಬಹುಬೇಗ ನಂಬುತ್ತಾರೆ. ಗ್ಯಾರೆಟ್ ಹಾರ್ಡಿನ್ ಎಂಬ ಅಮೆರಿಕದ ಜೀವವಿಜ್ಞಾನಿ 1968ರ ತನ್ನ ಪ್ರಸಿದ್ಧ ಪ್ರಬಂಧದಲ್ಲಿ, ಎಲ್ಲರಿಗೂ ತೆರೆದ ಹುಲ್ಲುಗಾವಲಿಗೆ ಪ್ರತಿಯೊಬ್ಬನೂ ಮತ್ತೊಂದು ದನ, ಮತ್ತೊಂದು ದನ ಎಂದು ಬಿಡುತ್ತಾ ಹೋಗಿ ಕೊನೆಗೆ ಎಲ್ಲರೂ ಕೆಡುತ್ತಾರೆಂದು ತರ್ಕಿಸಿದನು. ಅವನು ಕಲ್ಪಿಸಿದ ಹುಲ್ಲುಗಾವಲಿನಲ್ಲಿ ಗೂಟವಿಲ್ಲ, ಪಂಚರಿಲ್ಲ, ಬೀಡಾಡಿ ದನವನ್ನು ಕೂಡುವ ದೊಡ್ಡಿಯಿಲ್ಲ, ನೆರೆಯವನ ಮುಖ ನೋಡಬೇಕೆಂಬ ಸಂಕೋಚವೂ ಇಲ್ಲ. ಲ್ಯಾಕ್ಸ್‌ಟನ್ನಿನಲ್ಲಿ ಇವೆಲ್ಲವೂ ಇದ್ದವು. ಮೇಯಿಸುವ ಹಕ್ಕೂ ಇಂತಿಂಥ ಮನೆಗೆ ಇಷ್ಟಿಷ್ಟು ಎಂದು ಎಣಿಕೆಗೆ ಒಳಪಟ್ಟಿತ್ತು. ಇಂಥ ಏರ್ಪಾಡುಗಳನ್ನು ಸ್ವಿಟ್ಜರ್ಲೆಂಡಿನ ಬೆಟ್ಟಗಳಿಂದ ಜಪಾನಿನ ಕಾಡುಗಳವರೆಗೆ ಪರಿಶೀಲಿಸಿ 1990ರಲ್ಲಿ ಗ್ರಂಥ ಬರೆದ ಎಲಿನಾರ್ ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು: ಸೀಮೆ ಸ್ಪಷ್ಟವಾಗಿರಬೇಕು, ಕಾವಲು ಬಳಕೆದಾರರದೇ ಆಗಿರಬೇಕು, ಶಿಕ್ಷೆ ಮೊದಲಿಗೆ ಲಘುವಾಗಿರಬೇಕು ಎಂದು ಅವರು ಕಂಡುಕೊಂಡುದನ್ನು ಲ್ಯಾಕ್ಸ್‌ಟನ್ನಿನ ಪಂಚರು ಗ್ರಂಥವಿಲ್ಲದೆಯೇ ಆಚರಿಸುತ್ತಿದ್ದರು.

ಹೀಗೆಂದು ಅದನ್ನು ರಾಮರಾಜ್ಯವೆಂದು ಹೊಗಳಲಾರೆ. ಈ ನ್ಯಾಯಸ್ಥಾನ ಹುಟ್ಟಿದ್ದು ಪ್ರಜೆಗಳ ಸ್ವಾತಂತ್ರ್ಯಕ್ಕಾಗಿ ಅಲ್ಲ, ಜಹಗೀರುದಾರನ ಆಡಳಿತಕ್ಕಾಗಿ. ಊರಿನ ಉತ್ತರಕ್ಕೆ ಹುಲ್ಲು ಮುಚ್ಚಿಕೊಂಡಿರುವ ನಾರ್ಮನ್ ಕೋಟೆಯ ದಿಬ್ಬ, ಆ ಆಡಳಿತ ಯಾರ ಕೈಯಲ್ಲಿತ್ತೆಂಬುದಕ್ಕೆ ಸಾಕ್ಷಿ. ಭೂಮಿಯಿಲ್ಲದ ಕೂಲಿಯವನು ಪಂಚರ ಸಾಲಿನಲ್ಲಿ ಎಂದೂ ಕೂರಲಿಲ್ಲ. ಚೆದರಿದ ಪಟ್ಟಿಗಳನ್ನು ಉಳುವುದು ಇಂದಿನ ಯಂತ್ರಗಳಿಗೆ ಕಿರುಕುಳ. ಲಾಭದ ದೃಷ್ಟಿಯೊಂದರಿಂದಲೇ ನೋಡುವವನು ಈ ಪದ್ಧತಿಯನ್ನು ನಾಳೆಯೇ ಕೈಬಿಟ್ಟಾನು. ಅದು ನಿಂತಿರುವುದು ಒಡೆಯನ ಸಂಕಲ್ಪದ ಆಸರೆಯ ಮೇಲೆ.

ಆ ಒಡೆತನ ಕೈಯಿಂದ ಕೈಗೆ ಬದಲಾಗಿರುವ ಬಗೆ ಗಮನಾರ್ಹ. ಅರ್ಲ್ ಮ್ಯಾನ್ವರ್ಸ್ 1952ರಲ್ಲಿ ಊರನ್ನು ಮಾರಿದಾಗ ಪದ್ಧತಿಯ ರಕ್ಷಣೆಗಾಗಿ ಸರ್ಕಾರದ ಕೃಷಿ ಇಲಾಖೆಯೇ ಕೊಂಡಿತು. 1981ರಲ್ಲಿ ಅದು ರಾಜಸತ್ತೆಯ ಆಸ್ತಿಯನ್ನು ನೋಡಿಕೊಳ್ಳುವ ಕ್ರೌನ್ ಎಸ್ಟೇಟಿಗೆ ಹೋಯಿತು. 2020ರಲ್ಲಿ ಹಳೆಯ ಒಡೆಯರಾದ ಮ್ಯಾನ್ವರ್ಸರ ಮನೆತನದ ಥೋರ್ಸ್‌ಬಿ ಎಸ್ಟೇಟಿಗೇ ಮರಳಿತು. ರಾಷ್ಟ್ರದ ಕೈಯಲ್ಲಿದ್ದುದು ಖಾಸಗಿಯವರ ಪಾಲಾಯಿತೆಂದು ಕೊರಗಿದವರ ಆತಂಕ ಅರ್ಥವಾಗುವಂಥದು. ಆದರೆ ಒಡೆಯ ಯಾರೆಂಬುದಕ್ಕಿಂತ, ಒಬ್ಬ ಒಕ್ಕಲು ಮುಪ್ಪಾಗಿ ಹಿಡುವಳಿಯನ್ನು ಬಿಟ್ಟಾಗ ಆ ಒಡೆಯ ಏನು ಮಾಡುತ್ತಾನೆ ಎಂಬುದೇ ನನಗೆ ಹೆಚ್ಚು ಮುಖ್ಯವಾಗಿ ತೋರುತ್ತದೆ. ತೆರವಾದ ಪಟ್ಟಿಗಳನ್ನು ಪಕ್ಕದ ದೊಡ್ಡ ಗೇಣಿದಾರನಿಗೆ ಸೇರಿಸಿದರೆ ಲೆಕ್ಕಪತ್ರ ಹಗುರವಾಗುತ್ತದೆ, ಬಯಲೂ ನೋಟಕ್ಕೆ ಹಾಗೆಯೇ ಇರುತ್ತದೆ, ಸಂದರ್ಶಕರ ಕಣ್ಣಿಗೆ ಯಾವ ಕೊರತೆಯೂ ಕಾಣುವುದಿಲ್ಲ. ಆದರೆ ಒಬ್ಬರನ್ನೊಬ್ಬರು ಕಾಯುವಷ್ಟು ಮಂದಿ ಒಕ್ಕಲಿಗರಿಲ್ಲದ ಊರಿನಲ್ಲಿ ಪಂಚರಿಗೆ ವಿಚಾರಿಸಲು ತಮ್ಮದೇ ಹೊಲ ಹೊರತು ಬೇರೆ ಇರುವುದಿಲ್ಲ. ಅದಕ್ಕಾಗಿ ಪ್ರತಿಯೊಂದು ತೆರವಾದ ಹಿಡುವಳಿಗೂ ಹೊಸ ಸಂಸಾರವೊಂದನ್ನು, ಸಾಧ್ಯವಾದರೆ ಭೂಮಿಯಿಲ್ಲದ ಮನೆಯಿಂದ ಬಂದ ಯುವಕರನ್ನು, ಹಗುರವಾದ ಗೇಣಿಗೆ ಕೂಡಿಸಬೇಕೆಂಬ ಷರತ್ತನ್ನು ಎಸ್ಟೇಟು ತಾನೇ ಹಾಕಿಕೊಳ್ಳಬೇಕು. ಕೃಷಿಗೆ ಸಾರ್ವಜನಿಕ ಹಣವನ್ನು ಕೊಡುವ ಅಲ್ಲಿನ ಸರ್ಕಾರವೂ, ಕಾಡುಹೂಗಳಿಗೂ ಹಕ್ಕಿಗಳಿಗೂ ಕೊಡುವ ಸಹಾಯಧನದಲ್ಲಿ ಒಂದಂಶವನ್ನು ಈ ಹೊಸ ಒಕ್ಕಲುಗಳ ಗೇಣಿಗೆ ಮೀಸಲಿಡಬೇಕು.