ಊಟದ ಟೇಬಲ್ ಮ್ಯಾಲಿನ ವಿಮಾನ

ಮೊನ್ನೆ ನಮ್ಮ ನಾದಿನಿ ಬಂದಾಕಿ ಊಟದ ಟೇಬಲ್ ನೋಡಿದ್ಲು. "ವೈನಿ, ಮಗಾ ಬೆಂಗಳೂರಿಗೆ ಹೋಗಿ ಎರಡು ವರ್ಷಾತು, ಅವನ ಆಟಿಗಿ ಸಾಮಾನು ಇನ್ನೂ ಇಲ್ಲೇ ಇಟ್ಟೀರೇನು?" ಅವಂದಲ್ಲವಾ, ನಂದು ಅಂದೆ. ನಕ್ಕಳು. "ಹೆಂಗಸರಿಗ್ಯಾಕ ಯುದ್ಧದ ವಿಮಾನ?"

ಮಗಾ ಡಬ್ಬಿ ಸೈತ ತಗೀಲಾರದ ಬಿಟ್ಟು ಹೋಗಿದ್ದ ಸ್ಪಿಟ್‌ಫೈರ್ ಅದು. ಎರಡನೇ ಮಹಾಯುದ್ಧದಾಗ ಇಂಗ್ಲಂಡಿನವರು ಹಾರಿಸಿದ ವಿಮಾನ. ಖರೇ ವಿಮಾನದ 72ನೇ ಒಂದು ಪಾಲಿನ ಅಳತಿ, ರೆಕ್ಕಿ ತುದಿಯಿಂದ ತುದಿಗೆ ಒಂದು ಗೇಣೂ ಇಲ್ಲ.

ಕೆಲಸ ನಮಗ ಹೊಸಾದೇನಲ್ಲ ನೋಡ್ರಿ. ಬಿಡಿ ಭಾಗದ ಅಂಚು ಉಗುರು ತಿಕ್ಕೋ ಅರದಿಂದ ನುಣ್ಣಗ ಮಾಡಬೇಕು. ಪೈಲಟ್ ಕೂಡೋ ಜಾಗಾಕ್ಕ ಮೊದಲ ಬಣ್ಣ ಹಚ್ಚಿ, ಆಮ್ಯಾಲೆ ಎರಡು ಹೋಳು ಅಂಟಿಸಬೇಕು, ಇಲ್ಲಾಂದ್ರ ಒಳಗ ಕೈ ಹೋಗೂದಿಲ್ಲ. ಬಣ್ಣ ಒಮ್ಮೆಲೇ ದಪ್ಪ ಬಳದ್ರ ಗೆರಿ ಎಲ್ಲಾ ಮುಚ್ಚತಾವ. ತೆಳ್ಳಗ ಎರಡು-ಮೂರು ಸಲ, ಪ್ರತಿಸಲ ಒಣಗಿಸಿ ಹಚ್ಚಬೇಕು. ಮ್ಯಾಲೆ ಹಸರು ಮತ್ತ ಮಣ್ಣಿನ ಬಣ್ಣ, ಕೆಳಗ ತಿಳೀ ಬಣ್ಣ. ಮ್ಯಾಲಿಂದ ನೋಡಿದವ್ರಿಗೆ ಹೊಲದಂಗ, ಕೆಳಗಿಂದ ನೋಡಿದವ್ರಿಗೆ ಮುಗಿಲಿನಂಗ ಕಾಣಲಿ ಅಂತ. ರಂಗೋಲಿ ಎಳದ ಕೈಗೆ ಇದೇನು ದೊಡ್ಡದಲ್ಲ.

ಇನ್ನ ನಾದಿನಿ ಮಾತಿಗೆ ಬರೋಣು. ಈ ವಿಮಾನದ ಮೂಗು ತಟ್ಟನೆ ಕೆಳಗ ಮಾಡಿದ್ರ ಎಂಜಿನ್ ತಡವರಸ್ತಿತ್ತಂತ. 1941ರಾಗ ಬಿಯಾಟ್ರಿಸ್ ಶಿಲ್ಲಿಂಗ್ ಅನ್ನೋ ಎಂಜಿನಿಯರ್ ಹೆಣ್ಣಮಗಳು ಇಂಧನದ ದಾರಿಗೆ ತೂತಿನ ಸಣ್ಣ ಬಿಲ್ಲೆ ಕೂಡಿಸಿ ಆ ತ್ರಾಸ ಕಡಿಮಿ ಮಾಡಿದ್ಲು. ಕಾರ್ಖಾನಿಯಿಂದ ವಾಯುಪಡೆಗೆ ಸ್ಪಿಟ್‌ಫೈರ್ ಹಾರಿಸಿ ಮುಟ್ಟಸ್ತಿದ್ದವರೊಳಗ ಹೆಂಗಸರೂ ಇದ್ರು. 1943ರಾಗ ಅವರಿಗೆ ಗಂಡಸರಷ್ಟೇ ಪಗಾರ ಸುರು ಆತು. ಹೆಂಗಸರಿಗ್ಯಾಕ ಅಂತ ಕೇಳ್ಳಿಕ್ಕೆ ಎಂಬತ್ತು ವರ್ಷ ತಡಾ ಆಗೇದ.

ಆದ್ರ ನನ್ನ ಕಾರಣ ಬ್ಯಾರೆನ ಅದ. ಲಗ್ನಾಗಿ ಬಂದಾಗಿಂದ ನಾ ಮಾಡಿದ್ದೆಲ್ಲಾ ಅವತ್ತಿನದು ಅವತ್ತಿಗೇ ಮುಗೀತದ. ಭಕ್ರಿ ತಿಂದು ಮುಗಸ್ತಾರ, ಒಗದ ಅರಿವಿ ಮತ್ತ ಹೊಲಸಾಗ್ತಾವ, ನಿನ್ನಿನ ರಂಗೋಲಿ ಇವತ್ತ ನಾನ ಸಾರಸ್ತೇನಿ. ಈ ವಿಮಾನ ಮಾತ್ರ ಮಾಡಿದ್ದು ಮಾಡಿದಂಗ ಕಪಾಟಿನಾಗ ಇರತದ.

ಮಾಡಿದ್ದು ಉಳಿಯೋ ಕೆಲಸ ಒಂದರ ನಮ್ಮ ಕೈಯಾಗ ಇರಬೇಕ್ರಿ. ವಿಮಾನನ ಆಗಬೇಕಂತಿಲ್ಲ, ಕೌದಿ ಹೊಲೀರಿ, ಚಿತ್ರ ಬರೀರಿ. ಆದ್ರ ಅದಕ್ಕ ಮನ್ಯಾಗ ಒಂದು ಜಾಗಾ ಹಿಡೀರಿ, ಯಾರರ ಬಂದ್ರು ಅಂತ ಎತ್ತಿಡಬ್ಯಾಡ್ರಿ.

ಮುಂದಿನ ಸಲ ನಾದಿನಿ ಬಂದ್ರ ಎಲ್ಲಾರೂ ಕೆಳಗ ಕೂತು ಉಣ್ಣೋಣು. ಟೇಬಲ್ ಮ್ಯಾಲೆ ರೆಕ್ಕಿ ಒಣಗಲಿಕ್ಕೆ ಇಟ್ಟೇನಿ.