ಇದು ಮುಂಬಯಿಯ ಹುಚ್ಚಲ್ಲ

ಗಜೇಂದ್ರಗಡದ ಚಹದಂಗಡಿಗೆ ದಿನಾಲು ಬಂದು ಕೂಡುವ ಮುದುಕನೊಬ್ಬನಿದ್ದಾನೆ. ಹರೆಯದಲ್ಲಿ ಮುಂಬಯಿಯ ಗಿರಣಿಯಲ್ಲಿ ಮಗ್ಗ ನಡೆಸಿದವನು. ಊರಿಗೆ ಮರಳಿ ನಾಲ್ಕು ದಶಕ ಕಳೆದರೂ, "ಮಾಸ್ತರ, ನಸುಕಿನ್ಯಾಗ ಭೋಂಗಾ ಊದಿಧಾಂಗ ಆಗಿ ಎದ್ದು ಕೂಡ್ತೀನ್ರಿ. ಈ ಊರಾಗ ಸಪ್ಪಳನ ಇಲ್ಲರಿ" ಅನ್ನುತ್ತಾನೆ. ಕೂತವರು ನಗುತ್ತಾರೆ. ಹೊಲ-ಮನೆಯುಳ್ಳ ಹಿರಿಯರಂತೂ ಇದು ಪಟ್ಟಣದ ಚಟ, ಇವನಿಗೆ ಹುಟ್ಟಿದ ಮಣ್ಣಿನ ಅಭಿಮಾನವಿಲ್ಲ ಎಂದು ಛೀಮಾರಿ ಹಾಕುತ್ತಾರೆ.

ಈ ಹಿರಿಯರನ್ನು ಒಂದು ಮಾತು ಕೇಳಬೇಕಾಗಿದೆ. ಆ ಮಣ್ಣಿನಲ್ಲಿ ಅವನ ಪಾಲೆಷ್ಟು? ರೋಣ, ನರಗುಂದದ ಎರೆಹೊಲದ ಹತ್ತಿ ಮುಂಬಯಿಯ ಪೇಟೆಗೆ ಹೋಯಿತು. ಹೊಲವಿಲ್ಲದವನು ಹತ್ತಿಯ ಹಿಂದೆಯೇ ಹೋದ. 1956ರವರೆಗೆ ಧಾರವಾಡ ಜಿಲ್ಲೆಯೇ ಮುಂಬಯಿ ರಾಜ್ಯದಲ್ಲಿತ್ತು. ನಮ್ಮ ಮಂದಿಗೆ ಅದು ಪರದೇಶವಾಗಿರಲಿಲ್ಲ. ಮಳೆ ಬಂದರೆ ಕೂಲಿ, ಬಾರದಿದ್ದರೆ ಉಪವಾಸ ಎಂಬ ಊರಿನಿಂದ ಹೋದವನಿಗೆ ಅಲ್ಲಿ ಎಂಟು ತಾಸಿನ ಪಾಳಿ, ತಿಂಗಳ ಪಗಾರ, ಅನ್ಯಾಯವಾದರೆ ಜೊತೆಗೆ ನಿಲ್ಲುವ ನೂರು ಜನ ಸಿಕ್ಕರು. ಖಾನಾವಳಿಯಲ್ಲಿ ಸಾಲಾಗಿ ಕೂತು ಉಂಡ. (ಅಲ್ಲಿ ಜಾತಿಯೇ ಇರಲಿಲ್ಲವೆಂದು ಹೇಳಲಾರೆ. ನೂಲನ್ನು ತುಟಿಯಿಂದ ಎಳೆಯಬೇಕೆಂಬ ನೆವದಿಂದ ನೇಯ್ಗೆ ಖಾತೆಯ ಬಾಗಿಲು ದಲಿತರಿಗೆ ಬಹುಕಾಲ ಮುಚ್ಚಿತ್ತು. 1928ರ ಮುಷ್ಕರದಲ್ಲಿ ಅಂಬೇಡಕರರು ಅದನ್ನೇ ಎತ್ತಿ ಕೇಳಿದರು.)

ಅವನು ತಾನಾಗಿ ಬಿಟ್ಟು ಬಂದವನೂ ಅಲ್ಲ. 1982ರ ಜನವರಿ 18ರಂದು ಸುಮಾರು 2.5 ಲಕ್ಷ ಗಿರಣಿ ಕೆಲಸಗಾರರು ದತ್ತಾ ಸಾಮಂತರ ನೇತೃತ್ವದಲ್ಲಿ ಮುಷ್ಕರ ಹೂಡಿದರು. ಕೇಳಿದ್ದು ಪಗಾರದ ಏರಿಕೆ, ಬದಲಿ ಆಳುಗಳಿಗೆ ಕಾಯಂ ಕೆಲಸ, ತಮಗೆ ಬೇಕಾದ ಸಂಘವನ್ನು ಆರಿಸಿಕೊಳ್ಳುವ ಹಕ್ಕು. 1946ರ ಕಾನೂನು ಇಡೀ ಉದ್ಯಮದ ಕೊರಳಿಗೆ ಒಂದೇ ಸಂಘವನ್ನು ಕಟ್ಟಿತ್ತು. ಮಾಲಕರು ಕೆಲಸಗಾರನ ಹಸಿವನ್ನು ನಂಬಿ ಕೂತರು. ವರ್ಷ ದಾಟಿತು. ಸಾವಿರಾರು ಜನ ಗಂಟು ಕಟ್ಟಿಕೊಂಡು ಊರು ಸೇರಿದರು.

ಮುಂದಿನದು ಇನ್ನೂ ಹೇಯ. 1991ರ ನಿಯಮದಂತೆ ಗಿರಣಿ ಜಮೀನಿನಲ್ಲಿ ಒಂದು ಪಾಲು ಬಯಲಿಗೆ, ಒಂದು ಬಡವರ ಮನೆಗಳಿಗೆ, ಒಂದು ಮಾಲಕರಿಗೆ ಸಲ್ಲಬೇಕಿತ್ತು. 2001ರಲ್ಲಿ ಸರಕಾರ ಅದನ್ನು ತಿದ್ದಿ, ಕಟ್ಟಡವಿಲ್ಲದ ಖಾಲಿ ಜಾಗಕ್ಕಷ್ಟೇ ಈ ಹಂಚಿಕೆ ಎಂದಿತು. 2006ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಲೋವರ್ ಪರೇಲಿನಲ್ಲಿ ಗಿರಣಿಗಳಿದ್ದ ನೆಲದ ಮೇಲೆ ಇಂದು ಮಾಲುಗಳಿವೆ. ಮುದುಕ ನೆನೆಯುವ ಪಟ್ಟಣಕ್ಕೆ ಟಿಕೀಟು ತೆಗೆಸಿ ಕಳಿಸಿದರೂ ಅವನಿಗದು ಸಿಗಲಾರದು.

ಅಂಗಡಿಕಾರ ಬಂಧುಗಳೇ, ನೀವಾದರೂ ನಗಬೇಡಿರಿ. ಆ ಪಗಾರದ ಮನಿಯಾರ್ಡರು ಬಂದ ದಿನವೇ ನಿಮ್ಮ ಉದ್ರಿ ತೀರುತ್ತಿತ್ತು. ಇನ್ನು ಆ ಹಿರಿಯರು. ಅವರು ಮೊದಲು ತಮ್ಮ ಹೊಲದ ಆಳಿಗೆ ಮಳೆ ಬರಲಿ ಬಿಡಲಿ ತಿಂಗಳ ಪಗಾರ ಕೊಡಲಿ. ಆಮೇಲೆ ಬಂದು ಮುದುಕನ ಮುಂದೆ ಮಣ್ಣಿನ ಮಾತಾಡಲಿ.