ಬಾಯಿಯೂ ಒಂದು ಅಮಾನತ್

ವುಝೂ ಮಾಡುವವನು ಮುಖ ತೊಳೆಯುವ ಮೊದಲು ಬಾಯಿ ಮುಕ್ಕಳಿಸುತ್ತಾನೆ. ತನ್ನ ಸಮುದಾಯಕ್ಕೆ ಕಷ್ಟವಾದೀತೆಂಬ ಕಾಳಜಿ ಇಲ್ಲದಿದ್ದರೆ ಪ್ರತಿಯೊಂದು ನಮಾಝ್‌ನ ವೇಳೆಗೂ ಮಿಸ್ವಾಕ್‌ ಮಾಡಲು ಆಜ್ಞಾಪಿಸುತ್ತಿದ್ದೆನೆಂಬ ಆಶಯವನ್ನು ಪ್ರವಾದಿವರ್ಯರು(ಸ) ವ್ಯಕ್ತಪಡಿಸಿದ್ದರು. ಇಂತಹ ಪರಂಪರೆಯ ವಾರಸುದಾರರು ಬಾಯಿಯ ಶುಚಿತ್ವದಲ್ಲಿ ಇತರರಿಗೆ ಮಾದರಿಯಾಗಿರಬೇಕಿತ್ತು. ಆದರೆ ನಮ್ಮ ಎಷ್ಟೋ ಮೊಹಲ್ಲಾಗಳ ಗೋಡೆ, ಮೆಟ್ಟಿಲುಗಳ ಮೇಲಿನ ಕೆಂಪು ಕಲೆಗಳು ಬೇರೆಯೇ ಸಾಕ್ಷ್ಯ ನುಡಿಯುತ್ತಿವೆ.

ಅಮಲಿನ ವಿಷಯ ಬಂದಾಗಲೆಲ್ಲ ನಾವು ಒಂದು ಸಿದ್ಧ ಉತ್ತರದ ಹಿಂದೆ ಅಡಗಿಕೊಳ್ಳುತ್ತೇವೆ: ‘ನಮ್ಮವರು ಕುಡಿಯುವುದಿಲ್ಲ.’ ಈ ಉತ್ತರ ಪೂರ್ತಿ ಸತ್ಯವಲ್ಲ ಎಂಬುದು ಹೇಳುವವರಿಗೂ ಗೊತ್ತು, ಕೇಳುವವರಿಗೂ ಗೊತ್ತು. ಕುಡಿಯುವವರು ನಮ್ಮಲ್ಲೂ ಇದ್ದಾರೆ. ಕುಡಿಯದವರ ಜೇಬಿನಲ್ಲೂ ಗಾಂಜಾ, ಮಾತ್ರೆ, ಗುಟ್ಕಾ ಇವೆ. ಹರಾಮಿನ ಬಾಗಿಲನ್ನು ಮುಚ್ಚಿದ್ದೇವೆಂದು ಬೀಗುವವರು ತೆರೆದಿರುವ ಕಿಟಕಿಗಳನ್ನೂ ಎಣಿಸಬೇಕು.

ಮದ್ಯ ಹೊಟ್ಟೆಗೆ ಇಳಿಯುವ ಮುನ್ನವೇ ತನ್ನ ಕೆಲಸ ಆರಂಭಿಸುತ್ತದೆ. ಅದರಲ್ಲಿರುವ ಎಥನಾಲ್ ಅನ್ನು ಬಾಯಿಯಲ್ಲಿನ ಬ್ಯಾಕ್ಟೀರಿಯಾಗಳು ಅಸಿಟಾಲ್ಡಿಹೈಡ್ ಆಗಿ ಮಾರ್ಪಡಿಸುತ್ತವೆ. ಜೀವಕೋಶಗಳ ಡಿಎನ್‌ಎಗೆ ಹಾನಿ ಮಾಡುವ ವಿಷವದು. ಕುಡಿತದ ಚಟದಿಂದ ಬಾಯಿ ಒಣಗುತ್ತದೆ. ಜೊಲ್ಲು ಹಲ್ಲಿನ ಕಾವಲುಗಾರ. ಅದು ಕಡಿಮೆಯಾದರೆ ಆಮ್ಲವನ್ನು ತಡೆಯುವವರಿಲ್ಲ, ಹುಳುಕು ಬೇಗ ಹಿಡಿಯುತ್ತದೆ, ಒಸಡು ಊದಿಕೊಳ್ಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1988ರಲ್ಲೇ ಮದ್ಯವನ್ನು ಕ್ಯಾನ್ಸರ್‌ಕಾರಕವೆಂದು ಘೋಷಿಸಿತು. ಅದು ಹೆಸರಿಸಿದ ಅಂಗಗಳಲ್ಲಿ ಬಾಯಿ ಮತ್ತು ಗಂಟಲು ಸೇರಿವೆ. ಕುಡಿತದೊಂದಿಗೆ ತಂಬಾಕೂ ಕೂಡಿಕೊಂಡರೆ ಅಪಾಯ ಹಲವು ಪಟ್ಟಾಗುತ್ತದೆ. ಮದ್ಯವು ಬಾಯಿಯ ಒಳಪೊರೆಯನ್ನು ಸಡಿಲಿಸಿ, ತಂಬಾಕಿನ ವಿಷಕ್ಕೆ ದಾರಿ ಮಾಡಿಕೊಡುವುದೇ ಇದಕ್ಕೆ ಒಂದು ಕಾರಣ.

ಮಾದಕ ವಸ್ತುಗಳ ಕಥೆಯೂ ಇಷ್ಟೇ ಕರಾಳ. ಗಾಂಜಾ ಬಾಯಿಯನ್ನು ಒಣಗಿಸಿ ಸಿಹಿಯ ಹಸಿವನ್ನು ಕೆರಳಿಸುತ್ತದೆ. ಮೆತ್ ಸೇವಿಸುವವನು ಹಲ್ಲು ಕಡಿಯುತ್ತಾನೆ. ಎಳೆಯ ವಯಸ್ಸಿನಲ್ಲೇ ಅವನ ಹಲ್ಲುಗಳು ಕಪ್ಪಾಗಿ ಮುರಿದು ಬೀಳುತ್ತವೆ. ಕೊಡೀನ್ ಬೆರೆತ ಕೆಮ್ಮಿನ ಸಿರಪ್ಪಿನಲ್ಲಿ ಅಮಲಿನ ಜೊತೆಗೆ ಸಕ್ಕರೆಯೂ ಇರಬಹುದು. ಅಫೀಮಿನ ಕುಲದ ಮಾತ್ರೆಗಳು ನೋವನ್ನೇ ಮರೆಮಾಚುವುದರಿಂದ, ಹುಳುಕು ಬೇರಿಗಿಳಿದು ಕೀವು ತುಂಬುವವರೆಗೆ ಯುವಕನಿಗೆ ತಿಳಿಯುವುದೇ ಇಲ್ಲ. ನೋವು ಅಲ್ಲಾಹನು ದೇಹದಲ್ಲಿಟ್ಟ ಎಚ್ಚರಿಕೆಯ ಗಂಟೆ. ಅಮಲು ಮೊದಲು ಅದರ ನಾಲಿಗೆಯನ್ನೇ ಕಿತ್ತುಹಾಕುತ್ತದೆ.

‘ಗಾಂಜಾ, ಗುಟ್ಕಾಗಳ ಹೆಸರು ಕುರ್‌ಆನ್‌ನಲ್ಲಿ ಎಲ್ಲಿದೆ?’ ಎಂದು ಕೇಳುವ ಜಾಣರಿದ್ದಾರೆ. ಶರೀಅತ್ತು ಹೆಸರನ್ನು ನೋಡಿ ತೀರ್ಪು ಕೊಡುವುದಿಲ್ಲ, ಪರಿಣಾಮವನ್ನು ನೋಡುತ್ತದೆ. ಅಮಲೇರಿಸುವುದೆಲ್ಲವೂ ನಿಷಿದ್ಧವೆಂಬುದು ಪ್ರವಾದಿವರ್ಯರ(ಸ) ಬೋಧನೆ. ಇದೇ ಮಾನದಂಡದಿಂದ ಇಬ್ನು ತೈಮಿಯಾರಂತಹ ವಿದ್ವಾಂಸರು ಹಶೀಶನ್ನು ನಿಷಿದ್ಧವೆಂದರು. ಗುಟ್ಕಾ ಮತ್ತೇರಿಸದಿದ್ದರೂ, ನಿಮ್ಮ ಕೈಯಾರೆ ನಿಮ್ಮನ್ನು ವಿನಾಶಕ್ಕೆ ತಳ್ಳಿಕೊಳ್ಳಬೇಡಿರೆಂಬ ಅಲ್‌ಬಕರ ಅಧ್ಯಾಯದ ಎಚ್ಚರಿಕೆಯಿಂದ ತಪ್ಪಿಸಿಕೊಳ್ಳಲಾರದು. ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ಅದೇ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿತು. ಅಡಿಕೆಯ ಅರೆಕೋಲಿನ್ ಕೆನ್ನೆಯ ಒಳಪದರವನ್ನು ಗಟ್ಟಿಗೊಳಿಸುತ್ತದೆ. ಬಾಯಿ ತೆರೆಯುವುದು ದಿನೇ ದಿನೇ ಕಷ್ಟವಾಗಿ, ಕೊನೆಗೆ ತುತ್ತು ನುಂಗುವುದೂ ಯಾತನೆಯಾಗುತ್ತದೆ. ಕ್ಯಾನ್ಸರ್‌ಗೆ ತಿರುಗಬಲ್ಲ ಸ್ಥಿತಿಯದು.

ಕರ್ನಾಟಕ ಸರಕಾರ 2013ರಲ್ಲಿ ಗುಟ್ಕಾವನ್ನು ನಿಷೇಧಿಸಿತು. ವ್ಯಾಪಾರಿಗಳು ಪಾನ್ ಮಸಾಲಾವನ್ನೂ ತಂಬಾಕನ್ನೂ ಬೇರೆ ಬೇರೆ ಪೊಟ್ಟಣಗಳಲ್ಲಿ ಮಾರಿದರು. ಗಿರಾಕಿ ಅಂಗೈಯಲ್ಲಿ ಬೆರೆಸಿಕೊಂಡ. ಆ ಪೊಟ್ಟಣಗಳು ತೂಗುವ ಅಂಗಡಿ ಮಸ್ಜಿದ್‌ನ ಕಟ್ಟಡದಲ್ಲೇ ಇದ್ದರೆ, ಅದರ ಬಾಡಿಗೆಯಿಂದಲೇ ಖತೀಬರಿಗೆ ವೇತನ ಸಲ್ಲುತ್ತಿದ್ದರೆ, ಮಾದಕ ವಿರೋಧಿ ಖುತ್ಬಾಕ್ಕೆ ಯಾವ ಬೆಲೆಯಿದೆ? ಆಡಳಿತ ಸಮಿತಿಗಳು ಬಾಡಿಗೆ ಕರಾರಿಗೆ ಒಂದೇ ಒಂದು ಷರತ್ತು ಸೇರಿಸಿದರೆ ಸಾಕು, ಹತ್ತು ಖುತ್ಬಾಗಳ ಕೆಲಸವಾಗುತ್ತದೆ.

ನಮ್ಮ ಇನ್ನೊಂದು ಪ್ರಮಾದವೆಂದರೆ ಮೌನ. ಮಗನ ಚಟ ತಿಳಿದರೂ ಮಾನ ಹೋದೀತೆಂದು ತಂದೆತಾಯಿ ದಂತವೈದ್ಯರ ಮುಂದೆಯೂ ಮುಚ್ಚಿಡುತ್ತಾರೆ. ಸಹೋದರನ ಕುಂದನ್ನು ಊರ ನಾಲಿಗೆಯಿಂದ ಮರೆಮಾಡುವುದು ಪುಣ್ಯಕಾರ್ಯ. ರೋಗವನ್ನು ವೈದ್ಯರಿಂದ ಮರೆಮಾಡುವುದು ಆ ಪುಣ್ಯದ ಲೆಕ್ಕಕ್ಕೆ ಸೇರದು. ಕೊಕೇನ್ ಅಥವಾ ಮೆತ್ ಸೇವಿಸಿ ಬಂದವನಿಗೆ, ಅಡ್ರಿನಲಿನ್ ಬೆರೆತ ಅರಿವಳಿಕೆ ಚುಚ್ಚುಮದ್ದು ಕೊಟ್ಟರೆ ರಕ್ತದೊತ್ತಡ ಅಪಾಯಕಾರಿಯಾಗಿ ಏರಬಹುದು. ಕುಡಿತದಿಂದ ಯಕೃತ್ತು ಕೆಟ್ಟವನಿಗೆ ಹಲ್ಲು ಕಿತ್ತ ಬಳಿಕ ರಕ್ತ ನಿಲ್ಲದೆ ಹೋಗಬಹುದು. ಅಲ್ಲಿ ನುಂಗಿದ ಒಂದು ಮಾತಿಗೆ ಪ್ರಾಣವೇ ಬೆಲೆಯಾದೀತು.

ಆದ್ದರಿಂದ ಹೆತ್ತವರೇ, ಮಕ್ಕಳ ಅಂಕಪಟ್ಟಿಯನ್ನು ನೋಡುವಷ್ಟೇ ಶ್ರದ್ಧೆಯಿಂದ ಅವರ ಬಾಯಿಯನ್ನೂ ನೋಡಿ. ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಖಾರ ತಾಗಿದರೆ ಉರಿ, ಮೂರು ಬೆರಳು ಹಿಡಿಸದಷ್ಟು ಕಿರಿದಾದ ಬಾಯಿ – ಇವುಗಳಲ್ಲಿ ಒಂದನ್ನು ಕಂಡರೂ ತಡಮಾಡದೆ ದಂತವೈದ್ಯರ ಬಳಿಗೆ ಕರೆದೊಯ್ಯಿರಿ. ಬೈಗುಳ ಬೇಡ, ಬೈದ ಮನೆಯಿಂದ ಮಗ ದೂರ ಓಡಿದಷ್ಟೂ ಅಮಲಿಗೆ ಹತ್ತಿರವಾಗುತ್ತಾನೆ. ತೌಬಾದ ಬಾಗಿಲು ತೆರೆದಿದೆ, ಚಿಕಿತ್ಸೆಯ ಬಾಗಿಲೂ ತೆರೆದಿದೆ.

ಕುರ್‌ಆನ್ ಪಾರಾಯಣ ಹೊರಡುವುದು ಇದೇ ಬಾಯಿಯಿಂದ. ಮರಣಶಯ್ಯೆಯಲ್ಲಿ ನಾವು ಬಯಸುವ ಕಲಿಮಾ ಹೊರಡಬೇಕಾದದ್ದೂ ಇದರಿಂದಲೇ. ಈ ಅಮಾನತ್ತಿನ ಲೆಕ್ಕವನ್ನು ನಾಳೆ ಒಪ್ಪಿಸಲೇಬೇಕಾದ ನಾವು, ಐದು ರೂಪಾಯಿಯ ಪೊಟ್ಟಣಕ್ಕೆ ಅದನ್ನು ಒತ್ತೆಯಿಡದಿರೋಣ.